ನೂರರಲ್ಲಿ ನನ್ನ ಪಾಲು

ಕಳೆದ ಆಷಾಢದಲ್ಲಿ ಮಿಕ್ಸಿ ರಿಪೇರಿಗೆಂದು ಮೈಸೂರಿನ ಉದಯಗಿರಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ರಿಪೇರಿಯವರು ಹಳೆಯ ಸ್ಟೆಬಿಲೈಸರ್ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕರೆಂಟು ಕೊಟ್ಟು ನೋಡುತ್ತಿದ್ದರು. ಒಳಗಿನ ತಾಮ್ರದ ಸುರುಳಿ ಬಿಸಿಯಾಗಿ, ವಾರ್ನಿಶ್ ಕಾದು, ಮೇಲೆ ಕೂತಿದ್ದ ಧೂಳು ಸೀದು ಒಂದು ವಾಸನೆ ಎದ್ದಿತು.

"ಆಚೆ ನಿಂತ್ಕೊಳಿ ಮೇಡಂ, ತಲೆ ಸುತ್ತುತ್ತೆ" ಎಂದರು ಅವರು.

ನಾನು ಆಚೆ ಹೋಗಲಿಲ್ಲ. ಒಂದು ಇಡೀ ವರ್ಷ ಅದೇ ವಾಸನೆಯಲ್ಲಿ ಕೂತು ಕೆಲಸ ಮಾಡಿದವಳು ನಾನು. ಮನೆಗೆ ಹೋದರೆ ಅಮ್ಮ ನನ್ನ ಸೆರಗು ಮೂಸಿ, "ಅದೇನ್ ಸುಟ್ಕೊಂಡ್ ಬಂದ್ಯೇ?" ಅನ್ನುತ್ತಿದ್ದಳು. ಅದು ಎರಡು ಸಾವಿರದ ಒಂದನೇ ಇಸವಿ.

ಆಗ ಸಿದ್ಧಾರ್ಥನಗರ ದಾಟಿದ ಮೇಲೆ ಬೆಟ್ಟದ ಕಡೆಗೆ ಒಂದು ಹಳೆಯ ಬಂಗಲೆಯಿತ್ತು. ಊರಿನ ನಾಲ್ಕಾರು ಹಣವಂತರು ಟ್ರಸ್ಟ್ ಮಾಡಿಕೊಂಡು ಅದರಲ್ಲಿ ಸಣ್ಣದೊಂದು ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಈಗ ಕೇಂದ್ರವೂ ಇಲ್ಲ, ಬಂಗಲೆಯೂ ಇಲ್ಲ. ನಾನು ಎಂಎಸ್ಸಿ ಮುಗಿಸಿ ಅಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ನಮ್ಮದು ಮಠದ ನೆರಳಿನಲ್ಲೇ ಬದುಕಿಕೊಂಡು ಬಂದ ಮನೆ. ಅಪ್ಪಾಜಿ ಮಠದ ಎದುರಿನ ಸಾಲಿನಲ್ಲಿ ವಿಭೂತಿ, ರುದ್ರಾಕ್ಷಿ, ಊದಿನಕಡ್ಡಿ ಮಾರುವ ಅಂಗಡಿ ಇಟ್ಟಿದ್ದರು. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಅಣುವಿನೊಳಗೆ ಏನೈತೆ ಅಂತ ನೋಡ್ತಾಳೆ" ಎಂದು ಅರ್ಧ ನಾಚಿಕೆ, ಅರ್ಧ ಹೆಮ್ಮೆಯಿಂದ ಹೇಳಿ ತಕ್ಷಣ ತಕ್ಕಡಿ ಎತ್ತಿಕೊಳ್ಳುತ್ತಿದ್ದರು.

ಅವರು ಹೇಳುತ್ತಿದ್ದುದು ತಪ್ಪೇನಲ್ಲ. ಅಣುವಿನ ಬೀಜದೊಳಗೆ ಪ್ರೋಟಾನ್, ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಕಣಗಳು. ಅವು ಇಲ್ಲಿಯತನಕ ಯಾರಿಗೂ ಒಂಟಿಯಾಗಿ ಹೊರಗೆ ಸಿಕ್ಕಿಲ್ಲ. ಆಯಸ್ಕಾಂತವನ್ನು ದೂರ ಸರಿಸಿದರೆ ಸೆಳೆತ ಕಡಿಮೆಯಾಗುತ್ತದೆ. ಇಲ್ಲಿ ಹಾಗಲ್ಲ, ಎಷ್ಟು ದೂರ ಎಳೆದರೂ ಬಿಗಿ ಸಡಿಲವಾಗುವುದಿಲ್ಲ, ಎಳೆಯಲು ಬೇಕಾದ ಶಕ್ತಿ ಏರುತ್ತಲೇ ಹೋಗುತ್ತದೆ. ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸುವುದು ಯಾರಿಂದಲೂ ಆಗಿರಲಿಲ್ಲ. ಆದ್ದರಿಂದ ಜಾಗವನ್ನೂ ಕಾಲವನ್ನೂ ಚುಕ್ಕಿ ರಂಗೋಲಿಯಂತೆ ಚುಕ್ಕಿಗಳಾಗಿ ಇಟ್ಟುಕೊಂಡು, ಚುಕ್ಕಿಯಿಂದ ಚುಕ್ಕಿಗೆ ಹೋಗುವ ಪ್ರತಿ ಗೆರೆಗೂ ಒಂದು ಬೆಲೆ ಕೊಟ್ಟು, ಆ ಬೆಲೆಗಳನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಬದಲಿಸುತ್ತ ಹೋಗಬೇಕು. ಮೊದಮೊದಲು ಬರುವ ಸಂಖ್ಯೆಗಳನ್ನು ನಂಬುವ ಹಾಗಿಲ್ಲ. ಹಾಲು ಕಾಯುವ ಮೊದಲೇ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಎಲ್ಲವೂ ಹದಕ್ಕೆ ಬರುವ ತನಕ ಕಾದು, ಆಮೇಲೆ ಅಳೆಯಲು ಶುರುಮಾಡಬೇಕು. ನನ್ನ ಕೆಲಸ ಅದು. ಆ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನು ಬರೆದಿದ್ದೆ. ಎಲ್ಲಿಂದಲೋ ತಂದ ಹಳೆಯ ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಬಂಗಲೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದೆವು. ಅವುಗಳ ಕೆಳಗೆ ಸ್ಟೆಬಿಲೈಸರ್‌ಗಳು ಸದಾ ಗುಂಯ್ ಎನ್ನುತ್ತ ಬಿಸಿಯಾಗಿರುತ್ತಿದ್ದವು.

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಮುಕುಂದ. ನನಗಿಂತ ಒಂದು ವರ್ಷ ಮೊದಲು ಸೇರಿದ್ದ. ಗೋಕುಲಂನಲ್ಲಿ ಅವರ ಮನೆ, ಮಹಡಿಯನ್ನು ಯೋಗ ಕಲಿಯಲು ಬಂದ ವಿದೇಶಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಜೊತೆ ಮಾತಾಡಿ ಮಾತಾಡಿ ಅವನ ಇಂಗ್ಲಿಷು ನೀರಿನಂತೆ ಹರಿಯುತ್ತಿತ್ತು. ಪ್ರಬಂಧ ಬರೆಯುವುದು ಅವನ ಪಾಲಿಗೆ ಬಂತು. ನಾವಿಬ್ಬರೂ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಡಬ್ಬಿಯ ರೊಟ್ಟಿ ಅವನಿಗೆ, ಅವನ ಡಬ್ಬಿಯ ಪುಳಿಯೋಗರೆ ನನಗೆ. ಸಂಜೆ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಬಸ್ ಸ್ಟಾಪಿನವರೆಗೂ ಬರುತ್ತಿದ್ದ. ಒಮ್ಮೆ, "ನಮ್ಮಮ್ಮಂಗೆ ನಿನ್ನ ವಿಷ್ಯ ಹೇಳಿದೀನಿ" ಎಂದ. "ಏನಂತ?" ಎಂದು ಕೇಳಿದೆ. "ರೊಟ್ಟಿ ಚೆನ್ನಾಗಿ ಮಾಡ್ತಾಳೆ ಅಂತ" ಎಂದು ನಕ್ಕ. ಬಸ್ಸು ಬಂತು. ಅದಕ್ಕಿಂತ ಮುಂದಕ್ಕೆ ಆ ಮಾತು ಹೋಗಲಿಲ್ಲ. ಆದರೆ ನಾನು ಮನಸ್ಸಿನಲ್ಲಿ ಮುಂದಕ್ಕೆ ಹೋಗಿದ್ದೆ.

ಇಬ್ಬರಿಗೂ ಮಾರ್ಗದರ್ಶಕರು, ಕೇಂದ್ರದ ನಿರ್ದೇಶಕರೂ ಆಗಿದ್ದವರು ಪ್ರೊಫೆಸರ್ ವಾಸುದೇವರಾವ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮೆಲು ದನಿ. ಅವರು ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಬೈಯಬೇಕೆನಿಸಿದಾಗ ಅವರ ದನಿ ಇನ್ನಷ್ಟು ತಗ್ಗುತ್ತಿತ್ತು, ಕೇಳಿಸಿಕೊಳ್ಳಲು ನಾವೇ ಮುಂದಕ್ಕೆ ಬಾಗಬೇಕಾಗುತ್ತಿತ್ತು.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಒಂದು ಮಧ್ಯಾಹ್ನ ನಮ್ಮ ಸಂಖ್ಯೆಗಳು ಸಾಲುಗೂಡಿದವು. ದೂರವನ್ನು ಅಡ್ಡಕ್ಕೆ, ಶಕ್ತಿಯನ್ನು ಉದ್ದಕ್ಕೆ ಇಟ್ಟು ಗುರುತು ಹಾಕಿದರೆ, ಚುಕ್ಕಿಗಳು ಬಾಗದೆ ನೇರಗೆರೆಯಾಗಿ ಮೇಲೇರಿದವು. ಬಿಡುಗಡೆಯಿಲ್ಲದ ಕ್ವಾರ್ಕು ನಮ್ಮ ಹಿಂದಿನ ಕೋಣೆಯಲ್ಲಿ, ಹಳೆಯ ಡಬ್ಬಾ ಕಂಪ್ಯೂಟರಿನಲ್ಲಿ ಕಾಣಿಸಿತು. ಬೇರೆಯವರು ದೊಡ್ಡ ಯಂತ್ರಗಳಲ್ಲಿ ಮೊದಲೇ ಕಂಡಿದ್ದೇ, ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಮುಕುಂದ ಓಡಿಹೋಗಿ ಗಾಡಿಯಿಂದ ಚುರುಮುರಿ ಕಟ್ಟಿಸಿಕೊಂಡು ಬಂದ. ಸರ್ ಬಂದು ತೆರೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇದು ನಿಂದೇ ಕಣಮ್ಮ" ಎಂದರು.

ಗೆರೆಗಳ ಬೆಲೆ ಬದಲಿಸುವ ನಮ್ಮ ವಿಧಾನದಲ್ಲಿ ಒಂದು ಹೊಸ ಉಪಾಯವಿತ್ತು, ಅಷ್ಟರಿಂದಲೇ ಅದು ಪ್ರಬಂಧವಾಗಬಲ್ಲದಾಗಿತ್ತು. ಚುಕ್ಕಿಗಳ ಸಂಖ್ಯೆ ಹೆಚ್ಚಿಸಿ ಇನ್ನೊಂದು ದೊಡ್ಡ ಲೆಕ್ಕ ಮಾಡಿ, ಅದನ್ನೂ ಸೇರಿಸಿ ಒಂದು ಸಮ್ಮೇಳನಕ್ಕೆ ಕಳಿಸಬೇಕೆಂದು ಸರ್ ನಿರ್ಧರಿಸಿದರು. ಆ ಬೇಸಿಗೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಲೆಕ್ಕ ನಡುವೆಯೇ ನಿಲ್ಲುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ. ಸಮ್ಮೇಳನಕ್ಕೆ ಕಳಿಸುವ ದಿನ ಹತ್ತಿರ ಬಂದರೂ ದೊಡ್ಡ ಲೆಕ್ಕ ಹದಕ್ಕೆ ಬಂದಿರಲಿಲ್ಲ.

ಸರ್ ಕೋಣೆಗೆ ಬಂದಾಗ ಮುಕುಂದ ನನ್ನ ಪಕ್ಕದಲ್ಲೇ ಇದ್ದ.

"ಸರ್, ಇದರ ಮೊದಲ ಭಾಗದ ಸಂಖ್ಯೆ ಸೇರಿಸ್ಬಾರ್ದು" ಎಂದೆ. "ಇನ್ನೂ ನೆಲೆ ನಿಂತಿಲ್ಲ. ತೆಗೆದ್ರೆ ಉಳಿಯೋದು ಸ್ವಲ್ಪ. ಮಳೆಗಾಲದವರೆಗೂ ಬಿಟ್ರೆ ಸರಿಯಾಗಿ ಬರುತ್ತೆ."

"ತೆಗೆದ್ರೆ ತೋರಿಸೋಕೆ ಏನಿರುತ್ತಮ್ಮ?"

"ಏನೂ ಇರಲ್ಲ ಸರ್. ಅದಕ್ಕೇ ಕಾಯೋಣ ಅಂತ."

"ಸಮ್ಮೇಳನ ಕಾಯುತ್ತಾ?" ಅವರ ದನಿ ತಗ್ಗಿತು. ನಾನು ಬಾಗಿದೆ. "ಸೇರಿಸು. ನಾನು ನೋಡ್ಕೋತೀನಿ."

ಮುಕುಂದ ನನ್ನ ಮೊಣಕೈ ತಟ್ಟಿ, "ಸರ್ ಹೇಳ್ತಿದಾರಲ್ಲ, ಬಿಡು" ಎಂದ. ಸೇರಿಸಿದೆ. ಮತ್ತೊಮ್ಮೆ, ಪ್ರಬಂಧದ ಕರಡು ಓದುವಾಗಲೂ ಹೇಳಿದೆ. ಆಗಲೂ ಇಬ್ಬರೂ ಕೇಳಿಸಿಕೊಂಡರು.

ಅದೇ ಹೊತ್ತಿಗೆ ಟ್ರಸ್ಟಿನವರಿಂದ ಹೊಸದೊಂದು ಆಜ್ಞೆ ಬಂತು. ಮುಂದಿನ ವರ್ಷಕ್ಕೆ ನಮ್ಮ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಖಾಯಂ ಹುದ್ದೆ, ಇನ್ನೊಬ್ಬರು ಹೋಗಬೇಕು. ಯಾರು ಉಳಿಯಬೇಕೆಂಬುದನ್ನು ಪ್ರಬಂಧದಲ್ಲಿ ಯಾರ ಪಾಲು ಎಷ್ಟು ಎಂದು ಅಳೆದು ತೀರ್ಮಾನಿಸಬೇಕು. ಟ್ರಸ್ಟಿನ ಅಧ್ಯಕ್ಷರು ರೇಷ್ಮೆ ವ್ಯಾಪಾರಿ. ಅಳತೆ ಎಂದರೆ ಅವರಿಗೆ ನಂಬಿಕೆ. ಅಳತೆಗೋಲು ತಯಾರಿಸುವ ಕೆಲಸವನ್ನು ವಾಸುದೇವರಾಯರಿಗೇ ವಹಿಸಿದರು.

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸರ್ ಅದನ್ನು ಬಿಡಿಸಿ ಹೇಳಿದರು. ನೂರು ಅಂಕದಲ್ಲಿ ಆಲೋಚನೆಗೆ ನಲವತ್ತು, ಬರವಣಿಗೆಗೆ ಮೂವತ್ತು, ಫಲಿತಾಂಶದ ವಿವರಣೆಗೆ ಇಪ್ಪತ್ತು. ಉಳಿದ ಹತ್ತು ಲೆಕ್ಕ ಹಾಕಿದ್ದಕ್ಕೆ. ಹತ್ತಕ್ಕಿಂತ ಕಡಿಮೆ ಪಾಲು ಬಂದವರು ಲೇಖಕರಲ್ಲ.

"ಪ್ರೋಗ್ರಾಂ ಬರೆದಿದ್ದು ಎಲ್ಲಿ ಬರುತ್ತೆ ಸರ್?" ಎಂದು ಕೇಳಿದೆ.

"ಲೆಕ್ಕದಲ್ಲೇ ಬಂತಲ್ಲಮ್ಮ. ಲೆಕ್ಕ ಹಾಕಿದ್ದು ಕಂಪ್ಯೂಟರು. ನೀನು ಅದಕ್ಕೆ ಹೇಳಿಕೊಟ್ಟೆ. ಟೈಪಿಂಗಿನ ಹಾಗೇ ಅಂದ್ಕೋ."

"ವಿಧಾನ ನಂದೇ ಸರ್. ಆ ಗೆರೆಗಳನ್ನ ಬದಲಾಯಿಸೋ ರೀತಿ..."

"ಅದು ನನ್ನ ಕೋಣೇಲಿ ಕೂತು ಮಾತಾಡಿದಾಗ ಹುಟ್ಟಿದ್ದಲ್ವ? ಯಾರ ಆಲೋಚನೆ ಅಂತ ಹೇಗೆ ಬಿಡಿಸ್ತೀಯ?" ಎಂದು ಅವರು ಮುಕುಂದನ ಕಡೆ ತಿರುಗಿದರು. "ಏನಪ್ಪ, ನಿನಗೇನನ್ಸುತ್ತೆ?"

ಮುಕುಂದ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತಿದ್ದ. ಗಾಜಿನದು, ಒಳಗೆ ಬಣ್ಣದ ಹೂವು. "ಮಾತಾಡ್ತಾ ಮಾತಾಡ್ತಾ ಬಂದಿದ್ದು ಸರ್" ಎಂದ.

ಸರ್ ಕೂಡಿದರು, ಕಳೆದರು. ಹತ್ತರಲ್ಲಿ ಎರಡನ್ನು ಯಂತ್ರಗಳನ್ನು ಜೋಡಿಸಲು ಸಹಾಯ ಮಾಡಿದ್ದಕ್ಕೆ ಮುಕುಂದನಿಗೆ ಕೊಟ್ಟರು. ನನ್ನ ಪಾಲು ನೂರಕ್ಕೆ ಎಂಟು ಬಂತು. "ಛೆ, ಎರಡರಲ್ಲಿ ತಪ್ಪಿಹೋಯ್ತು" ಎಂದು ನಿಜಕ್ಕೂ ನೊಂದವರಂತೆ ಹೇಳಿ, ಪೆನ್ನಿನ ಕ್ಯಾಪು ಮುಚ್ಚಿದರು.

ಅಂದು ಡಬ್ಬಿ ಬಿಚ್ಚುವಾಗ ನಾನು ಮುಕುಂದನನ್ನು ನೇರವಾಗಿ ಕೇಳಿದೆ. "ಮಾತಾಡ್ತಾ ಬಂದಿದ್ದು ಅಂದ್ಯಲ್ಲ, ಯಾರು ಮಾತಾಡ್ತಾ ಬಂದಿದ್ದು?"

"ಶೈಲಾ, ಅರ್ಥ ಮಾಡ್ಕೊ. ಅವರೇ ಬರೆದಿಟ್ಕೊಂಡು ಬಂದಿದ್ರು. ನಾನು ಬಾಯಿ ಬಿಟ್ಟಿದ್ರೆ ಇಬ್ಬರೂ ಹೋಗ್ತಿದ್ವಿ. ನಂದು ಖಾಯಂ ಆದ್ರೆ ಮುಂದಿನ ಪ್ರಬಂಧದಲ್ಲಿ ನಿನ್ ಹೆಸರು ಮೊದಲು. ಆಣೆ."

"ಮುಂದಿನದಕ್ಕೆ ನಾನು ಇಲ್ಲಿರ್ತೀನಾ?"

ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಆಮೇಲೆ ತಿಂದ. ನನ್ನ ರೊಟ್ಟಿಯನ್ನೇ ತಿಂದ. ಅವನ ಡಬ್ಬಿಯನ್ನು ನಾನು ಮುಟ್ಟಲಿಲ್ಲ ಎಂಬುದನ್ನು ಅವನು ಗಮನಿಸಲೂ ಇಲ್ಲ. ಆ ದಿನದಿಂದ ನಾನು ಹಿಂದಿನ ಕೋಣೆಯಲ್ಲೇ, ಯಂತ್ರಗಳ ನಡುವೆ ಕೂತು ಊಟ ಮಾಡತೊಡಗಿದೆ.

ಸಮ್ಮೇಳನದ ಪ್ರಬಂಧ ಹೊರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎರಡು ಹೆಸರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಕೇಂದ್ರದ ಸಿಬ್ಬಂದಿಯ ತಾಂತ್ರಿಕ ಸಹಾಯಕ್ಕೆ ವಂದನೆ ಎಂದಿತ್ತು. ಸಿಬ್ಬಂದಿ ಎಂದರೆ ನಾನು, ಮತ್ತೆ ಗೇಟಿನ ಕಾವಲುಗಾರ. ಟ್ರಸ್ಟಿನವರು ಬಂಗಲೆಯ ಹಜಾರದಲ್ಲಿ ಸನ್ಮಾನ ಇಟ್ಟುಕೊಂಡರು. ಮೈಸೂರು ಪೇಟ, ಶಾಲು, ಗಂಧದ ಹಾರ. ಮುಕುಂದನ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರೊಜೆಕ್ಟರ್ ನಡೆಸುವ ಕೆಲಸ ನನ್ನದು. ನನ್ನ ನೇರಗೆರೆ ಗೋಡೆಯ ತುಂಬ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಮುಕುಂದನ ತಾಯಿ ನನ್ನ ಹತ್ತಿರ ಬಂದು, "ನೀನೇನಮ್ಮ ರೊಟ್ಟಿ ಹುಡುಗಿ?" ಎಂದರು. ಅವನು ಅವರ ಹಿಂದೆ ನಿಂತು ಶಾಲನ್ನು ಮಡಿಸುತ್ತಿದ್ದ.

ಅಪ್ಪಾಜಿಗೆ ಇದೆಲ್ಲ ಹೇಳಿರಲಿಲ್ಲ. ಅವರಿಗೆ ರಕ್ತದೊತ್ತಡ. ಕೆಲಸ ಹೋಗಬಹುದು ಎಂದಷ್ಟೇ ಹೇಳಿದ್ದೆ. "ಹೋದ್ರೆ ಹೋಯ್ತು ಕಣಮ್ಮ, ಅಂಗಡಿ ಐತೆ" ಎಂದಿದ್ದರು. ಆದರೆ ಆ ರಾತ್ರಿ ಊಟ ಸೇರಲಿಲ್ಲ ಎಂದು ಎದ್ದರು.

ಮಳೆಗಾಲ ನಡುವಿಗೆ ಬಂದಾಗ ಪೆಟ್ಟು ಬಿತ್ತು. ಹೊರದೇಶದ ಒಂದು ಗುಂಪಿನವರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದ್ದರು. ಚಿಕ್ಕ ಲೆಕ್ಕ ತಾಳೆಯಾಗಿತ್ತು, ದೊಡ್ಡದು ಆಗಿರಲಿಲ್ಲ. ಮೊದಲ ಭಾಗದ ಸಂಖ್ಯೆಗಳನ್ನು ತೆಗೆಯದೆ ಸೇರಿಸಿದ್ದೀರಾ ಎಂದು ಮರ್ಯಾದೆಯಿಂದಲೇ ಕೇಳಿ ಬರೆದಿದ್ದರು. ಪತ್ರದ ಒಂದು ಪ್ರತಿ ಪತ್ರಿಕೆಯವರಿಗೆ, ಇನ್ನೊಂದು ಟ್ರಸ್ಟಿಗೆ.

ಒಂದು ಕ್ಷಣ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಹೇಳಿದ್ದೇ ನಿಜವಾಗಿತ್ತು. ಈಗಲಾದರೂ ಕರೆದು ಕೇಳುತ್ತಾರೆ ಅಂದುಕೊಂಡೆ.

ಕರೆದರು. ಗಣೇಶನ ಹಬ್ಬ ಕಳೆದಿತ್ತು, ಅಂದು ಬೆಳಗಿನಿಂದ ಸೋನೆ ಹಿಡಿದಿತ್ತು, ಬೆಟ್ಟ ಕಾಣುತ್ತಿರಲಿಲ್ಲ. ಹಜಾರದಲ್ಲಿ ರೇಷ್ಮೆ ವ್ಯಾಪಾರಿ ಅಧ್ಯಕ್ಷರು, ಹೊರಗಿನಿಂದ ಬಂದಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಒಬ್ಬ ವಕೀಲರು ಕೂತಿದ್ದರು. ಸರ್ ಮತ್ತು ಮುಕುಂದ ಒಂದು ಬದಿಗೆ. ನನಗೆ ಎದುರಿಗೆ ಒಂಟಿ ಕುರ್ಚಿ.

ವಾಸುದೇವರಾಯರೇ ಮಾತು ಶುರುಮಾಡಿದರು. ಅವರ ದನಿ ಎಷ್ಟು ತಗ್ಗಿತ್ತೆಂದರೆ ಮೂವರೂ ಮುಂದಕ್ಕೆ ಬಾಗಿದರು.

"ಇದು ಸಂಖ್ಯೆಗಳ ಮೇಲೆ ನಿಂತಿರೋ ಪ್ರಬಂಧ. ಲೆಕ್ಕವೇ ಇದರ ಪ್ರಾಣ. ಲೆಕ್ಕ ಪೂರ್ತಿ ಮಾಡಿದ್ದು ಈ ಹುಡುಗಿ. ಪ್ರೋಗ್ರಾಮಿನ ಒಂದು ಸಾಲನ್ನೂ ನಾವು ಮುಟ್ಟಿಲ್ಲ. ನೂರಕ್ಕೆ ಎಪ್ಪತ್ತು ಪಾಲು ಇವಳದ್ದೇ ಅಂದ್ರೂ ತಪ್ಪಿಲ್ಲ. ಅಷ್ಟು ಪ್ರತಿಭೆ. ನಂಬಿದ್ವಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹೊಗಳುತ್ತಿದ್ದಾರೆ ಅನ್ನಿಸಿತು. ಅರ್ಥವಾದಾಗ ಕುರ್ಚಿ ಬಿಟ್ಟು ಎದ್ದೆ.

"ಸರ್, ಮೇ ತಿಂಗಳಲ್ಲಿ ನನ್ನ ಪಾಲು ಎಂಟು ಅಂದಿದ್ರಿ" ಎಂದೆ. "ನಾನು ಈ ಪ್ರಬಂಧದ ಲೇಖಕಿಯೇ ಅಲ್ಲ."

ವಕೀಲರು ನಕ್ಕರು. ಅಧ್ಯಕ್ಷರು, "ಹೆಸರು ಬೇಕಾದಾಗ ಎಪ್ಪತ್ತು, ತಪ್ಪು ಬಂದಾಗ ಎಂಟು, ಹಂಗಾ?" ಎಂದರು. ನನ್ನ ಬಾಯಲ್ಲಿ ಬರಬೇಕಾಗಿದ್ದ ಮಾತು ಅದು. ತಲೆಕೆಳಗಾಗಿ ನನ್ನ ಮೇಲೇ ಬಿತ್ತು.

"ಮೊದಲ ಭಾಗ ಸೇರಿಸಬೇಡಿ ಅಂತ ನಾನು ಹೇಳಿದ್ದೆ. ಎರಡು ಸಲ ಹೇಳಿದ್ದೆ. ಮುಕುಂದ ಅಲ್ಲೇ ಇದ್ದ. ಕೇಳಿ."

ನಿವೃತ್ತ ಪ್ರಾಧ್ಯಾಪಕರು, ವಯಸ್ಸಾದವರು, ಕನ್ನಡಕ ತೆಗೆದು ಒರೆಸಿಕೊಂಡು, "ಏನಪ್ಪ, ಈಕೆ ಹೇಳಿದ್ದು ನಿಜವಾ?" ಎಂದು ಕೇಳಿದರು. ಅವರೊಬ್ಬರು ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದರು, ಅದು ನನಗೆ ಕಾಣಿಸಿತು.

ಮುಕುಂದ ನನ್ನನ್ನು ನೋಡಿದ. ಅದನ್ನು ಮರೆಯಲು ನನಗೆ ಆಗಿಲ್ಲ. ನೆಲ ನೋಡಲಿಲ್ಲ, ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿಕೊಂಡು ಹೇಳಿದ.

"ನೆನಪಿಲ್ಲ ಸರ್."

ಹೊರಗೆ ಮಳೆ ಜೋರಾಯಿತು. ಕಿಟಕಿ ಮುಚ್ಚಲು ಯಾರೋ ಎದ್ದರು. ನಾನು ಇನ್ನೊಂದು ಕೇಳಿಕೊಂಡೆ. ಯಂತ್ರಗಳನ್ನು ನನಗೆ ದೀಪಾವಳಿಯವರೆಗೂ ಬಿಟ್ಟುಕೊಡಿ, ದೊಡ್ಡ ಲೆಕ್ಕವನ್ನು ಸರಿಯಾಗಿ ಮಾಡಿ ಕೊಡುತ್ತೇನೆ, ನನ್ನ ಹೆಸರು ಎಲ್ಲೂ ಬೇಡ ಎಂದೆ. ಪ್ರಾಧ್ಯಾಪಕರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ವಾಸುದೇವರಾಯರ ಮುಖ ನೋಡಿದರು. ಸರ್ ತಲೆಯಾಡಿಸಿ, "ಇನ್ನೂ ನಂಬೋದು ಹೇಗೆ?" ಎಂದರು.

ತಿಂಗಳೊಳಗೆ ಕೆಲಸ ಬಿಡಬೇಕೆಂದು ಹೇಳಿದರು. ಆ ತಿಂಗಳಲ್ಲಿ ಆದದ್ದು ಒಂದೇ ವಿಷಯ. ದಸರಾ ರಜಕ್ಕೆ ಮುಂಚಿನ ಒಂದು ಮಧ್ಯಾಹ್ನ ಮುಕುಂದ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಖಾಯಂ ಆಗಿತ್ತು, ಹೊಸ ಕನ್ನಡಕ ಹಾಕಿಕೊಂಡಿದ್ದ.

"ಶೈಲಾ, ಒಂದ್ ಮಾತು. ಲೆಕ್ಕ ನಡುವೆ ನಿಂತ್ರೆ ಮತ್ತೆ ಅಲ್ಲಿಂದಲೇ ಹಿಡಿಯೋದು ಹೇಗೆ? ನಂಗೆ ಬರ್ತಿಲ್ಲ. ಸರ್ ಮತ್ತೆ ಮಾಡು ಅಂದಿದಾರೆ."

ಹೇಳಿಕೊಡುವುದಿಲ್ಲ ಎನ್ನಬಹುದಿತ್ತು. ಅಳಿಸಿಹಾಕಬಹುದಿತ್ತು, ಅದಕ್ಕೆ ಒಂದು ಸಾಲು ಸಾಕು. ಆದರೆ ಆ ಲೆಕ್ಕ ಸರಿಯಾಗಿ ಮುಗಿಯಬೇಕೆಂಬ ಆಸೆ ನನಗೆ ಅವನ ಮೇಲಿನ ಸಿಟ್ಟಿಗಿಂತ ದೊಡ್ಡದಾಗಿತ್ತು. ಕುರ್ಚಿ ಸರಿಸಿ ಕೂರಿಸಿಕೊಂಡೆ. ಮೊದಲಿಂದ ಕೊನೆಯವರೆಗೂ ತೋರಿಸಿದೆ. ಎಷ್ಟು ಕಾಯಬೇಕು, ಎಲ್ಲಿಂದ ಅಳೆಯಬೇಕು, ಕರೆಂಟು ಹೋದರೆ ಏನು ಮಾಡಬೇಕು, ಎಲ್ಲ. ಅವನು ತಲೆಯಾಡಿಸುತ್ತ ಹೋದ. ಎದ್ದು ನಿಂತು, "ಕೋಪ ಇಲ್ಲ ತಾನೇ?" ಎಂದ.

"ನೆನಪಿಲ್ಲ" ಎಂದೆ.

ಅವನು ಕನ್ನಡಕ ಸರಿಮಾಡಿಕೊಂಡು ಹೊರಟುಹೋದ. ಕೆಲಸ ಬಿಟ್ಟ ಮೇಲೆ ಅವನನ್ನು ನಾನು ಮತ್ತೆ ನೋಡಿಲ್ಲ. ಸರಿಪಡಿಸಿದ ಲೆಕ್ಕ ಮುಂದಿನ ವರ್ಷ ಎರಡು ಹೆಸರಿನಲ್ಲಿ ಬಂತೆಂದೂ, ಅದರಿಂದ ಅವನಿಗೆ ಬೇರೆ ಊರಿನಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತೆಂದೂ ಆಮೇಲೆ ಕೇಳಿದೆ. ವಾಸುದೇವರಾಯರು ಬಹಳ ವರ್ಷ ಬದುಕಿದರು. ಲೇಖಕತ್ವವನ್ನು ಅಳೆಯುವ ಬಗ್ಗೆ ಅವರು ಅಲ್ಲಿ ಇಲ್ಲಿ ಉಪನ್ಯಾಸ ಕೊಡುತ್ತಿದ್ದರಂತೆ. ನಾನು ಬಿಎಡ್ ಮಾಡಿಕೊಂಡು ಪಿಯು ಕಾಲೇಜು ಸೇರಿದೆ. ಕ್ವಾರ್ಕಿನ ಪಾಠ ನಮ್ಮ ಪುಸ್ತಕದಲ್ಲಿ ಒಂದು ಪ್ಯಾರಾ ಇದೆ. ಓದಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ಆದರೆ ಆ ವರ್ಷ ಅಲ್ಲಿಗೆ ಮುಗಿಯಲಿಲ್ಲ. ಕೆಲಸ ಬಿಟ್ಟ ಮೇಲೆ ದೀಪಾವಳಿ ವ್ಯಾಪಾರಕ್ಕೆ ನಾನೂ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ಸಂಜೆ ಅಪ್ಪಾಜಿ ಎಲ್ಲಿಗೋ ಹೋಗಿದ್ದವರು ಬಂದರು. ಒಗೆದ ಪಂಚೆ, ಮೇಲೆ ಶಲ್ಯ, ಹಣೆಗೆ ಮೂರು ಬೆರಳಿನ ವಿಭೂತಿ. ಮಠಕ್ಕೆ ಹೋಗುವಾಗ ಮಾತ್ರ ಆ ವೇಷ. ಮುಖ ಅರಳಿತ್ತು. ಕೈಯಲ್ಲಿ ಒಂದು ಹಾಳೆ. ಆಗಲೇ ಪ್ಲಾಸ್ಟಿಕ್ ಹಾಕಿಸಿ, ಮೂಲೆಯಲ್ಲಿ ತೂತು ಮಾಡಿಸಿ, ದಾರ ಕಟ್ಟಿಸಿಕೊಂಡು ಬಂದಿದ್ದರು.

"ನಿಮ್ ಸಾಹೇಬ್ರ ಹತ್ರ ಹೋಗಿದ್ದೆ ಕಣಮ್ಮ" ಎಂದರು. "ಬೈಬ್ಯಾಡ. ನನ್ ಮಗಳು ಏನಾದ್ರೂ ತಪ್ಪು ಮಾಡಿದ್ರೆ ಒಟ್ಟೆಗಾಕ್ಕೊಳ್ಳಿ, ಇನ್ನೊಂದ್ ಅವಕಾಶ ಕೊಡಿ ಅಂತ ಕೇಳಾಕೆ ಹೋಗಿದ್ದೆ. ಎಷ್ಟ್ ಒಳ್ಳೇರು! ತಪ್ಪೇನಿಲ್ಲ ಯಜಮಾನ್ರೇ, ನಿಮ್ ಮಗಳ ಹೆಸ್ರು ಫಾರಿನ್ ಪತ್ರಿಕೇಲಿ ಬಂದೈತೆ, ತಗೊಂಡೋಗಿ ಮನೇಲಿಟ್ಕೊಳ್ಳಿ ಅಂತ ಅವರೇ ಕೈಯಾರೆ ಕೊಟ್ರು."

ನಾನು ನೋಡಿದೆ. ಪ್ರಬಂಧದಲ್ಲಿ ತಪ್ಪಾಗಿದೆ ಎಂದು ಪತ್ರಿಕೆಯವರು ಹಾಕಿದ ತಿದ್ದುಪಡಿ. ನಾಲ್ಕೇ ಸಾಲು. ದೊಡ್ಡ ಲೆಕ್ಕದ ಫಲಿತಾಂಶವನ್ನು ಹಿಂತೆಗೆದುಕೊಳ್ಳಲಾಗಿದೆ, ದೋಷಕ್ಕೆ ಲೆಕ್ಕ ಮಾಡಿದ ಬಿ. ಶೈಲಜಾ ಕಾರಣ, ಲೇಖಕರು ವಿಷಾದಿಸುತ್ತಾರೆ ಎಂದು ಇಂಗ್ಲಿಷಿನಲ್ಲಿತ್ತು. ಅಪ್ಪಾಜಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಹೆಸರು ಓದಲು ಬರುತ್ತಿತ್ತು, ಅಷ್ಟೇ. ನನ್ನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು. ಯಾರು ಎಳೆದದ್ದೆಂದು ಕೇಳಲಿಲ್ಲ.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸ್ಟೂಲು ಹತ್ತಿ, ಮಠದ ಹಿರಿಯ ಸ್ವಾಮಿಗಳ ಫೋಟೋದ ಪಕ್ಕ ಅದನ್ನು ತೂಗುಹಾಕಿ, ಮೂಲೆಗೆ ಕುಂಕುಮ ಹಚ್ಚುತ್ತಿದ್ದರು. ನಾನು ಸ್ಟೂಲು ಅಲುಗದಂತೆ ಹಿಡಿದುಕೊಂಡೆ.

ಹಬ್ಬದ ಮುಂದಿನ ದಿನಗಳು, ಗಿರಾಕಿ ಜಾಸ್ತಿ. ಬಂದವರಿಗೆಲ್ಲ ಅಪ್ಪಾಜಿ ತೋರಿಸಿದರು. ಎಲ್ಲರೂ ಕತ್ತೆತ್ತಿ ನೋಡಿ, "ಭೇಷ್" ಎಂದು ವಿಭೂತಿ ಉಂಡೆ ಕಟ್ಟಿಸಿಕೊಂಡು ಹೋದರು. ನಾನು ಊದಿನಕಡ್ಡಿ ಎಣಿಸುತ್ತ ತಲೆ ಬಗ್ಗಿಸಿಕೊಂಡಿರುತ್ತಿದ್ದೆ. ಆಮೇಲೆ ಪುಟ್ಟಸ್ವಾಮಿ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಅಪ್ಪಾಜಿಯ ಹಳೆಯ ಗಿರಾಕಿ. ಅವರು ಉಳಿದವರಂತೆ ಕತ್ತೆತ್ತಿ ಸುಮ್ಮನಾಗಲಿಲ್ಲ. ಕನ್ನಡಕ ಏರಿಸಿ ಪೂರ್ತಿ ಓದಿದರು. ಇನ್ನೊಮ್ಮೆ ಓದಿದರು.

ನಾನು ಅವರನ್ನು ನೋಡಿ ಮೆಲ್ಲಗೆ ತಲೆಯಾಡಿಸಿದೆ, ಬೇಡ ಎಂದು. ಅವರು ನನ್ನ ಕಡೆ ನೋಡಲೇ ಇಲ್ಲ.

"ಬಸವರಾಜಪ್ಪೋರೇ, ಇದನ್ನ ಯಾಕ್ರೀ ನೇತಾಕಿದೀರಿ?" ಎಂದರು. "ನಿಮ್ಮ ಮಗಳು ತಪ್ಪು ಮಾಡಿದ್ಲು ಅಂತಲ್ವ ಇದ್ರಲ್ಲಿ ಬರ್ದಿರೋದು?"

ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅಪ್ಪಾಜಿಗೆ ಮೊದಲು ಕೇಳಿಸದಂತಾಯಿತು. ಮೇಷ್ಟ್ರು ಪಾಠ ಹೇಳುವ ಅಭ್ಯಾಸದಿಂದ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾಲ್ಕೂ ಸಾಲು. ಕೆಟ್ಟ ಮನಸ್ಸಿನವರಲ್ಲ ಅವರು, ಓದಿದ್ದನ್ನು ಅರ್ಧಕ್ಕೆ ಬಿಡುವುದು ಅವರಿಗೆ ಬರುತ್ತಿರಲಿಲ್ಲ. ನಿಂತಿದ್ದವರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪಾಜಿ ಸ್ಟೂಲು ಹತ್ತಿ ಅದನ್ನು ಇಳಿಸಿದರು. ಶಲ್ಯದ ತುದಿಯಿಂದ ಕುಂಕುಮ ಒರೆಸಿದರು. ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಬಳಿದುಕೊಂಡು ಇನ್ನಷ್ಟು ಹರಡಿತು.

"ನಿಜವೇನಮ್ಮ?" ಎಂದರು ನನ್ನನ್ನು.

"ತಪ್ಪು ನಂದಲ್ಲ ಅಪ್ಪಾಜಿ. ಬೇಡ ಅಂತ ನಾನೇ ಹೇಳಿದ್ದೆ. ಅವರೇ ಮಾಡ್ಸಿ ನನ್ನ ಮೇಲಾಕಿದ್ದು."

"ನಂಗೊತ್ತು" ಎಂದರು ತಕ್ಷಣ. ಒಂದು ಚಣವೂ ತಡೆಯಲಿಲ್ಲ. ನನಗೆ ಆ ವರ್ಷ ಸಿಕ್ಕಿದ ನ್ಯಾಯ ಅಷ್ಟೇ.

ಆದರೆ ಅವರು ಆ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಎಲ್ಲಿಡಬೇಕೆಂದು ತೋಚದವರ ಹಾಗೆ ಒಮ್ಮೆ ಗಲ್ಲಾಪೆಟ್ಟಿಗೆ ನೋಡಿದರು, ಒಮ್ಮೆ ರಸ್ತೆ ನೋಡಿದರು.

"ಅಂಗಲ್ಲ ಕಣಮ್ಮ" ಎಂದರು ಕೊನೆಗೆ. "ಒಳಗ್ ಕರ್ದು ಕುರ್ಚಿ ಕೊಟ್ರು. ಕಾಫಿ ತರ್ಸಿದ್ರು. ಸಕ್ಕರೆ ಸಾಕಾ ಯಜಮಾನ್ರೇ ಅಂತ ಕೇಳಿದ್ರು. ಅದೆಲ್ಲಾ ಕೇಳ್ಬುಟ್ಟು ಇದನ್ನ ಕೊಟ್ರಲ್ಲಮ್ಮ. ಅದೆಂಗೆ?"

ಗಿರಾಕಿಯೊಬ್ಬರು ಎರಡು ಉಂಡೆ ವಿಭೂತಿ ಕೇಳಿದರು. ಅಪ್ಪಾಜಿ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಕಟ್ಟಿಕೊಡಲು ತಿರುಗಿದರು.